ಲಿಯೋನೆಲ್ ಪೊರ್ಬುಗಳ ಉಪವಾಸ ಪಾದಯಾತ್ರೆ

ಬಾಯಲ್ಲಿ ತುತ್ತಿರುವಾಗ ಮಾತಾಡಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ತಲೆಯನ್ನೂ ಆಡಿಸಬಾರದು ಎಂದು ಇನ್ನೊಂದು ಮಾತು ಸೇರಿಸಿದ್ದರೆ ನಮ್ಮ ಪಕ್ಕದ ಮನೆಯ ಲಿಯೋನೆಲ್ ರೊಸಾರಿಯೊ ಇಷ್ಟೆಲ್ಲ ಪಾಡು ಪಡಬೇಕಾಗಿರಲಿಲ್ಲ. ಹಿರಿಯರು ಮರೆತರು. ಅದರ ಫಲವನ್ನು ಲಿಯೋನೆಲ್ ಉಂಡರು, ಅಥವಾ ಎರಡು ತಿಂಗಳು ಉಣ್ಣದೆ ಉಳಿದರು.

ಕೆಮ್ಮಣ್ಣಿನಿಂದ ಸೇತುವೆ ದಾಟಿದರೆ ಸಿಗುವ ಹೊಸಕುದ್ರು ನಮ್ಮೂರು. ಸೇತುವೆಯ ಬುಡದಲ್ಲಿರುವ ಜಿನಸಿನ ಅಂಗಡಿ ನನ್ನದು, ಹೆಸರು ದೇಜಪ್ಪ. ಊರಿನ ಸುದ್ದಿಗಳೆಲ್ಲ ಮೊದಲು ನನ್ನ ಅಂಗಡಿಗೆ ಬಂದು, ಅಲ್ಲಿ ಸ್ವಲ್ಪ ಉಪ್ಪು ಖಾರ ಹಾಕಿಸಿಕೊಂಡು ಮುಂದೆ ಹೋಗುತ್ತವೆ. ಕ್ರಿಶ್ಚಿಯನ್ ಗಂಡಸರನ್ನು ನಾವು ತುಳುವರು ಗೌರವದಿಂದ ಪೊರ್ಬುಗಳು ಎನ್ನುತ್ತೇವೆ. ಹಾಗೆ ಲಿಯೋನೆಲ್ ನನಗೆ ಪೊರ್ಬುಗಳು. ಇಪ್ಪತ್ತಾರು ವರ್ಷ ಕುವೈತಿನಲ್ಲಿ ಒಂದು ಕಂಪನಿಯ ಸ್ಟೋರ್ ನೋಡಿಕೊಂಡು ಊರಿಗೆ ಮರಳಿದವರು. ಅವರ ಹೆಂಡತಿ ಸೆಲೀನ್ ಟೀಚರ್ ಅಷ್ಟೂ ವರ್ಷ ಇಲ್ಲೇ ಶಾಲೆಯಲ್ಲಿದ್ದು ಮುಕ್ಕಾಲು ಊರಿನ ಕಿವಿ ಹಿಂಡಿದವರು. ಹಾಗಾಗಿ ಲಿಯೋನೆಲ್ ಊರಿಗೆ ಬಂದು ನಾಲ್ಕು ವರ್ಷವಾದರೂ ಅವರಿಗೆ ಒಂದು ಹೆಸರುಂಟು ಎಂದು ಯಾರಿಗೂ ಗೊತ್ತಿರಲಿಲ್ಲ. ಅಂಚೆಯವನಿಂದ ಮೀನಿನವಳ ತನಕ ಎಲ್ಲರಿಗೂ ಅವರು "ಟೀಚರ್ ಗಂಡ". ಚರ್ಚಿನ ಹೊಸ ಬೆಂಚಿನ ಮೇಲೆ ದಾನಿಗಳ ಹೆಸರು ಬರೆಸಿದಾಗಲೂ "ಸೆಲೀನ್ ಟೀಚರ್ ಮತ್ತು ಗಂಡ" ಎಂದೇ ಬಂತು.

"ದೇಜಣ್ಣ, ನಾನು ಸತ್ತರೆ ಸಮಾಧಿಯ ಕಲ್ಲಿನ ಮೇಲೂ ಟೀಚರ್ ಗಂಡ ಅಂತಲೇ ಬರೆಯುತ್ತಾರೆ, ನೋಡಿ," ಎಂದು ಅವರು ಒಮ್ಮೆ ಅಂಗಡಿಯಲ್ಲಿ ಕೂತು ಹೇಳಿದ್ದರು.

"ಕಾಗುಣಿತ ತಪ್ಪಾಗದ ಹಾಗೆ ಟೀಚರ್ ನೋಡಿಕೊಳ್ಳುತ್ತಾರೆ ಬಿಡಿ ಪೊರ್ಬುಲೆ," ಎಂದು ನಾನು ಸಮಾಧಾನ ಮಾಡಿದ್ದೆ.

ಈ ಲೋಕದಲ್ಲಿ ಅವರಿಗಿದ್ದ ಆಸೆ ಎರಡೇ. ಊರಿನವರು ತನ್ನ ಹೆಸರು ಹಿಡಿದು ಕರೆಯಬೇಕು ಎಂಬುದೊಂದು, ಊಟ ಎಂಬುದು ಇನ್ನೊಂದು. ಊಟದ ಆಸೆ ದಿನಕ್ಕೆ ನಾಲ್ಕು ಸಲ ತೀರುತ್ತಿದ್ದುದರಿಂದ ಸಕ್ಕರೆ ಕಾಯಿಲೆ ಬಂತು. ಮಗಳು ಶಾರ್ಲೆಟ್ ಮಣಿಪಾಲದಲ್ಲಿ ಫಿಸಿಯೋಥೆರಪಿಸ್ಟ್. ನಮ್ಮ ಊರಿನ ಬೆನ್ನು, ಸೊಂಟ, ಭುಜಗಳೆಲ್ಲ ಅವಳ ಕೈಯಲ್ಲೇ ಇರುವುದು. ಅಪ್ಪ ನಡೆಯಬೇಕು ಎಂದು ಅವಳು ಹೇಳಿ ಹೇಳಿ ಸೋತಳು. ಎದುರಿನ ನನ್ನ ಅಂಗಡಿಗೆ ಬರಲೂ ಸ್ಕೂಟರ್ ತೆಗೆಯುವ ಮನುಷ್ಯ ಅವರು. ಕೊನೆಗೆ, ದಾರಿಯ ತುದಿಯಲ್ಲಿ ಊಟ ಇದ್ದರೆ ಮಾತ್ರ ಅಪ್ಪ ನಡೆಯುತ್ತಾರೆ ಎಂಬ ಸತ್ಯ ಅವಳಿಗೆ ಹೊಳೆಯಿತು. ಹುಡುಕಿ ಹುಡುಕಿ, ಅಪ್ಪ ಅಮ್ಮನ ಮದುವೆಯ ಮೂವತ್ತೈದನೆಯ ವರ್ಷಕ್ಕೆ ಉಡುಗೊರೆಯೆಂದು ಇಟೆಲಿಯ ಹಳ್ಳಿಗಾಡಿನಲ್ಲಿ ಎಂಟು ದಿನದ ಒಂದು ವಾಕಿಂಗ್ ಟೂರ್ ಗೊತ್ತು ಮಾಡಿದಳು. ಬೆಳಿಗ್ಗೆ ದ್ರಾಕ್ಷಿ ತೋಟಗಳ ನಡುವೆ ನಡೆಯುವುದು, ಮಧ್ಯಾಹ್ನ ಯಾರದೋ ಮನೆಯಲ್ಲಿ ಅಡುಗೆ ಕಲಿತು ಉಣ್ಣುವುದು, ಮತ್ತೆ ನಡೆಯುವುದು, ಮತ್ತೆ ಉಣ್ಣುವುದು. ಎಲ್ಲವನ್ನೂ ಅಲ್ಲಿನ ಊರಿನವರೇ ಪ್ಲಾನ್ ಮಾಡಿ ಜೊತೆಗೆ ನಿಂತು ನಡೆಸುತ್ತಾರೆ. ಇದರಲ್ಲಿ ಅಪಾರ್ಥಕ್ಕೆ ಎಡೆ ಎಲ್ಲುಂಟು ಎಂದು ನಿಮಗೆ ಅನಿಸಬಹುದು. ನೀವು ನಮ್ಮೂರಿನವರಲ್ಲ.

ಆಗಸ್ಟ್ ತಿಂಗಳಲ್ಲಿ ಕಾಪುವಿನ ಒಂದು ಹಾಲ್‌ನಲ್ಲಿ ನಮ್ಮೂರಿನ ಎಡ್ವಿನ್ ಅವರ ಮೊಮ್ಮಗುವಿನ ಬ್ಯಾಪ್ಟಿಸಮ್ಮಿನ ಊಟ. ಎಡ್ವಿನ್ ಹಿಂದಿನ ವರ್ಷ ಹನ್ನೊಂದು ದಿನಗಳಲ್ಲಿ ಏಳು ದೇಶ ಸುತ್ತಿ ಬಂದವರು. ಏಳು ದೇಶಗಳ ಫೋಟೋಗಳಲ್ಲೂ ಹಿಂದೆ ನಿಂತಿದ್ದ ಬಸ್ಸು ಒಂದೇ. ಆ ಫೋಟೋಗಳನ್ನು ನೋಡದೆ ಅವರ ಮನೆಯ ಊಟದಿಂದ ಯಾರೂ ಎದ್ದು ಬರುವಂತಿರಲಿಲ್ಲ.

"ಸ್ವಿಟ್ಜರ್‌ಲ್ಯಾಂಡಿನಲ್ಲಿ ಬೆಳಿಗ್ಗೆ ಎಂತ ಕೊಟ್ಟರು ಹೇಳಿ? ಉಪ್ಪಿಟ್ಟು ಮಾರಾಯ್ರೆ, ಉಪ್ಪಿಟ್ಟು!"

ಲಿಯೋನೆಲ್‌ಗೆ ತಡೆಯಲಿಲ್ಲ. "ನಾವು ಅಕ್ಟೋಬರಿನಲ್ಲಿ ಇಟೆಲಿಗೆ," ಎಂದು ಹೇಳಿ, ಹೇಳಿದ ಖುಷಿಗೆ ಇಡ್ಲಿಯಂತೆ ಉಬ್ಬಿದ ಒಂದಿಡೀ ಸನ್ನವನ್ನು ಹಂದಿ ಮಾಂಸದ ಎರಡು ತುಂಡಿನೊಂದಿಗೆ ಬಾಯಿಗೆ ತುಂಬಿದರು.

ಎಂಬತ್ತೆರಡು ವರ್ಷದ ಮುದುಕಿ ಸೆವ್ರಿನ್ ಬಾಯಿ ಮುಂದಕ್ಕೆ ಬಾಗಿ, "ಇಟೆಲಿಗಾ? ರೋಮಿಗಾ ಬಾಬ್?" ಎಂದು ಕೇಳಿದರು. ತನಗಿಂತ ಕಿರಿಯ ಗಂಡಸರೆಲ್ಲ ಅವರಿಗೆ ಬಾಬ್, ಅಂದರೆ ಮಗ. ನಮ್ಮೂರಿನ ಕ್ರಿಶ್ಚಿಯನ್ ಮುದುಕಿಯರ ಲೆಕ್ಕದಲ್ಲಿ ಇಟೆಲಿ ಎಂದರೆ ರೋಮ್, ಉಳಿದದ್ದು ಅದರ ಕಾಂಪೌಂಡು.

ಲಿಯೋನೆಲ್ ಅಲ್ಲ ಎನ್ನಲು ಹೊರಟರು. ಸನ್ನ ಗಂಟಲಿನಲ್ಲಿ ನಿಂತಿತು. ಅದನ್ನು ಕೆಳಗಿಳಿಸಲು ಅವರು ತಲೆಯನ್ನು ಮೇಲೆ ಕೆಳಗೆ ಆಡಿಸಿದರು.

"ಜೆಜು!" ಎಂದು ಸೆವ್ರಿನ್ ಬಾಯಿ ಶಿಲುಬೆಯ ಗುರುತು ಮಾಡಿಕೊಂಡರು.

ಚರ್ಚಿನ ತಿಂಗಳ ಪತ್ರಿಕೆಯ ಸಂಪಾದಕ ಸ್ಟೀವನ್ ಪಕ್ಕದಲ್ಲೇ ಇದ್ದ. "ಬಸ್ಸಿನಲ್ಲಿ ಸುತ್ತುವುದಾ ಅಂಕಲ್?" ಎಂದ.

"ಬಸ್ಸೆಲ್ಲ ಎಡ್ವಿನ್‌ನಂಥವರಿಗೆ. ನಾವು ನಡೆದೇ ಹೋಗುವುದು. ವಾಕಿಂಗ್."

"ನಡೆದಾ! ಊಟ?"

"ಫೋಕಸ್ ಇರುವುದೇ ಊಟದ ಮೇಲೆ. ಎಷ್ಟು, ಯಾವಾಗ, ಎಂತ ಅಂತ ಅಲ್ಲಿನವರೇ ಪ್ಲಾನ್ ಮಾಡಿ ಕೊಡುತ್ತಾರೆ. ಅವರು ಹೇಳಿದ್ದು ಬಿಟ್ಟು ಬೇರೆ ತಿನ್ನಲಿಕ್ಕಿಲ್ಲ."

ಸ್ಟೀವನ್ ಕೈ ತೊಳೆಯದೆ ಮೊಬೈಲಿನಲ್ಲಿ ಬರೆದುಕೊಂಡ. ಇಂಗ್ಲಿಷಿನ ಯಾವ ಶಬ್ದವನ್ನೂ ಹಾಗೆಯೇ ಬಿಡಬಾರದು, ಕನ್ನಡಕ್ಕೆ ತರಲೇಬೇಕು ಎಂಬುದು ಅವನ ಹಠ. ಶಾಲೆಯಲ್ಲಿ ಅವನಿಗೆ ಆ ಹಠ ಹಿಡಿಸಿದ್ದು ಸೆಲೀನ್ ಟೀಚರೇ. ಮುಂದಿನ ಭಾನುವಾರ ಪತ್ರಿಕೆ ಬಂತು: "ನಮ್ಮ ಶ್ರೀ ಲಿಯೋನೆಲ್ ರೊಸಾರಿಯೊ ಅವರು ಅಕ್ಟೋಬರ್ ತಿಂಗಳಲ್ಲಿ ಪವಿತ್ರ ರೋಮ್ ನಗರಕ್ಕೆ ಪಾದಯಾತ್ರೆ ಕೈಗೊಳ್ಳಲಿದ್ದಾರೆ. ಅವರು ಕಟ್ಟುನಿಟ್ಟಿನ ಆಹಾರ ವ್ರತದಲ್ಲಿದ್ದು, ಯಾತ್ರೆಯ ಮಾರ್ಗವನ್ನು ಇಟೆಲಿಯ ಸ್ಥಳೀಯ ಭಕ್ತರು ಯೋಜಿಸಿದ್ದಾರೆ."

ಲಿಯೋನೆಲ್ ಪತ್ರಿಕೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ನಡೆದೇ ಬಂದರು.

"ದೇಜಣ್ಣ, ಇದನ್ನು ಓದಿ. ಸ್ವಲ್ಪ ಗಟ್ಟಿಯಾಗಿ."

ಓದಿದೆ. "ಪೊರ್ಬುಲೆ, ಇದು ನಿಜವಾ?"

"ಸ್ವಲ್ಪ ತಪ್ಪುಂಟು."

"ಎಷ್ಟು?"

ಅವರು ಕಾಗದವನ್ನು ನೋಡಿದರು. "ಹೆಸರು ಸರಿ ಉಂಟು," ಎಂದರು.

ಸೆಲೀನ್ ಟೀಚರ್ ಓದಿ ಕೆಂಪು ಪೆನ್ನು ತೆಗೆದರು. ಈಗಲೇ ಹೋಗಿ ಸ್ಟೀವನ್‌ಗೆ ಹೇಳಿ ತಿದ್ದಿಸಬೇಕೆಂದು ಗಂಡನಿಗೆ ಅಪ್ಪಣೆಯಾಯಿತು. ಲಿಯೋನೆಲ್ ಹೊರಟರು. ಗೇಟಿನಲ್ಲಿ ಮೀನಿನವಳು ಬುಟ್ಟಿ ಇಳಿಸಿ, "ಲಿಯೋನೆಲ್ ಪೊರ್ಬುಲೆ, ನಮಗೂ ಒಂದು ಪ್ರಾರ್ಥನೆ ಮಾಡಿ," ಎಂದಳು. ಅಂಚೆಯವನು ಸೈಕಲ್ ನಿಲ್ಲಿಸಿ, "ಲಿಯೋನೆಲ್ ಸರ್ ಅಲ್ವಾ?" ಎಂದ. ನಾಲ್ಕು ವರ್ಷ ಕಾದು ಕೂತ ಹೆಸರು ಒಂದೇ ಬೆಳಿಗ್ಗೆ ಎರಡು ಸಲ ಕೇಳಿಸಿದರೆ ಯಾವ ಮನುಷ್ಯ ತಾನೇ ಮುಂದೆ ನಡೆದಾನು? ಲಿಯೋನೆಲ್ ಅಲ್ಲಿಂದಲೇ ತಿರುಗಿ ಬಂದರು. "ನಾಳೆ ಹೇಳುತ್ತೇನೆ," ಎಂದರು. ಮರುದಿನವೂ ಹಾಗೆಯೇ ಹೇಳಿದರು.

ಆ ನಾಳೆ ಬರುವ ಮೊದಲೇ ಫ್ಲೆಕ್ಸ್ ಬಂತು. ನಮ್ಮ ಕರಾವಳಿಯಲ್ಲಿ ಫ್ಲೆಕ್ಸ್ ಬಿದ್ದ ಮೇಲೆ ಸುದ್ದಿ ಸುಳ್ಳಾಗುವಂತಿಲ್ಲ. ಸೇತುವೆಯ ಈಚೆ ಒಂದು, ಕೆಮ್ಮಣ್ಣಿನ ಕಡೆ ಒಂದು: "ರೋಮ್‌ಗೆ ಉಪವಾಸ ಪಾದಯಾತ್ರೆ ಕೈಗೊಂಡಿರುವ ಶ್ರೀ ಲಿಯೋನೆಲ್ ರೊಸಾರಿಯೊ ಅವರಿಗೆ ಶುಭ ಹಾರೈಕೆಗಳು." ಫೋಟೋ ಯಾವುದೋ ಮದುವೆಯದ್ದು. ಮೂಲದಲ್ಲಿ ಅವರ ಕೈಯಲ್ಲಿ ಕೋಳಿಕಾಲು ಇತ್ತಂತೆ. ಫ್ಲೆಕ್ಸ್ ಅಂಗಡಿಯವನು ಅದನ್ನು ಅಳಿಸಿ ಮೇಣದಬತ್ತಿ ಹಾಕಿದ್ದ. ಬಾಯಿ ಮಾತ್ರ ಕಚ್ಚಲು ತೆರೆದದ್ದು ಹಾಗೆಯೇ ಉಳಿದಿತ್ತು. ಅದನ್ನು ಕಂಡವರು ಪ್ರಾರ್ಥನೆಯ ಬಾಯಿ ಎಂದೇ ತಿಳಿದರು.

ಹೆಸರು ಬಂತು, ಊಟ ಹೋಯಿತು. ಮರುದಿನದಿಂದ ಊರಿನ ಯಾವ ಮನೆಯಲ್ಲೂ ಲಿಯೋನೆಲ್‌ಗೆ ತಿನ್ನಲು ಕೊಡುವವರಿಲ್ಲ. ಚಹಾದ ತಟ್ಟೆ ಅವರ ಎದುರಿಗೆ ಬರುವಾಗ ಮನೆಯವರೇ ಗಾಬರಿಯಿಂದ ತಟ್ಟೆ ಎಳೆದುಕೊಳ್ಳುತ್ತಿದ್ದರು. ಅಲೆವೂರಿನಲ್ಲಿ ನನ್ನ ಭಾವನ ಮಗಳ ಮದುವೆಗೆ ನಾನೇ ಕರೆದುಕೊಂಡು ಹೋಗಿದ್ದೆ. ಕೋಳಿ ಸುಕ್ಕ, ಕೋರಿ ರೊಟ್ಟಿ ಎಲ್ಲ ಅವರನ್ನು ದಾಟಿ ನನ್ನ ಎಲೆಗೆ ಬಿತ್ತು. ಅವರಿಗೆಂದೇ ಒಳಗಿನಿಂದ ಗಂಜಿಯೂ ಉಪ್ಪಿನಕಾಯಿಯೂ ಬಂತು. ಬಡಿಸಿದ ಹುಡುಗಿ ಕಾಲು ಮುಟ್ಟಿ ನಮಸ್ಕಾರ ಬೇರೆ ಮಾಡಿದಳು. ಲಿಯೋನೆಲ್ ಗಂಜಿ ಕುಡಿಯುತ್ತ ನನ್ನ ಎಲೆಯನ್ನು ನೋಡಿದ ನೋಟಕ್ಕೆ ನಾನು ಒಂದು ತುಂಡು ಬಿಟ್ಟೇ ಎದ್ದೆ. ಮನೆಯಲ್ಲಿ ಟೀಚರ್ ಅಡುಗೆ ಮಾಡಿದರೂ ಪ್ರಯೋಜನವಿಲ್ಲ, ಹೊತ್ತು ಹೊತ್ತಿಗೆ ಯಾರಾದರೂ ಆಶೀರ್ವಾದ ಕೇಳಲು ಬಂದು ಕೂತಿರುತ್ತಿದ್ದರು. ಮಣಿಪಾಲಕ್ಕೆ ಮಗಳ ಮನೆಗೆ ಹೋಗಿ ಗುಟ್ಟಾಗಿ ತಿಂದು ಬರೋಣ ಎಂದರೆ, ಅವಳು ಓಟ್ಸ್ ಕೊಟ್ಟಳು.

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂತ ಹೇಳುವುದು ಇದಕ್ಕೇ," ಎಂದಳು ನನ್ನ ಹೆಂಡತಿ ಬೇಬಿ.

ಸೆಪ್ಟೆಂಬರಿನಲ್ಲಿ ಚರ್ಚಿನ ಫಾದರ್ ಡೆನ್ವರ್ ಅವರಿಗೆ ಒಂದು ಒಳ್ಳೆಯ ಯೋಚನೆ ಬಂತು. ಚಿಕ್ಕ ಪ್ರಾಯದ, ಹುರುಪಿನ ಫಾದರ್. ರೋಮಿಗೆ ನಡೆಯುವವರು ಮೊದಲು ಕಾರ್ಕಳದ ಅತ್ತೂರು ಚರ್ಚಿಗೆ ನಡೆದು ಅಭ್ಯಾಸ ಮಾಡಲಿ ಎಂದರು. ಯುವಕ ಸಂಘದವರು ಪೀಪಿ ಊದಿಕೊಂಡು ಹಿಂದೆ ಹೊರಟರು. ನಲುವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಬೆಳಕು ಹರಿಯುವ ಮೊದಲು ಹೊರಟವರು ಕಾರ್ಕಳ ಮುಟ್ಟುವಾಗ ಸಂಜೆ. ಲಿಯೋನೆಲ್ ಮೂತ್ರಕ್ಕೆಂದು ಹೇಳಿ ಹಿಂದೆ ಉಳಿದು, ಒಂದು ಓಣಿಗೆ ನುಗ್ಗಿ, ಮೊದಲು ಕಂಡ ಹೋಟೆಲಿನೊಳಗೆ ಹೋಗಿ ಕೂತರು. ಹೋಟೆಲಿನವನ ಹೆಸರು ಶೇಖರ ಎಂದು ಅವರಿಗೆ ಆಮೇಲೆ ಗೊತ್ತಾಯಿತು.

"ಎರಡು ಪ್ಲೇಟ್ ಗೋಳಿಬಜೆ, ಪರೋಟ ಕುರ್ಮ. ಬೇಗ ಕೊಡಿ."

ಶೇಖರ ಅವರ ಮುಖ ನೋಡಿದ. ಮೊಬೈಲಿಗೆ ಬಂದಿದ್ದ ಫ್ಲೆಕ್ಸಿನ ಫೋಟೋ ನೋಡಿದ. ಮತ್ತೆ ಮುಖ ನೋಡಿದ. "ನೀವು ಆ ಫ್ಲೆಕ್ಸಿನವರು ಅಲ್ವಾ? ಉಪವಾಸದವರು?"

"ಅಲ್ಲ ಮಾರಾಯ. ನಾನು..." ಲಿಯೋನೆಲ್ ಅತ್ತಿತ್ತ ನೋಡಿದರು. ಜೀವನದಲ್ಲಿ ಮೊದಲ ಸಲ ಆ ಮಾತು ಅವರ ಬಾಯಿಂದಲೇ ಬಂತು. "ನಾನು ಟೀಚರ್ ಗಂಡ."

"ಸುಮ್ಮನಿರಿ ಸ್ವಾಮಿ! ಅಷ್ಟು ದೂರದಿಂದ ನಡೆದು ಬಂದಿದ್ದೀರಿ, ಹಸಿವೆಗೆ ಬಾಯಿ ತಪ್ಪಿದೆ. ನನ್ನ ಹೋಟೆಲಿನಲ್ಲಿ ನಿಮ್ಮ ವ್ರತ ಮುರಿದರೆ ನನ್ನ ಮಕ್ಕಳಿಗೆ ಒಳ್ಳೆಯದಾಗಲಿಕ್ಕುಂಟಾ? ದೈವದೇವರಲ್ಲಿ ಭಯ ಉಂಟು ನನಗೆ." ಅವನು ಒಂದು ಲೋಟ ನೀರು ಕೊಟ್ಟು, ಗೋಳಿಬಜೆಯ ಬುಟ್ಟಿಗೆ ಪೇಪರ್ ಮುಚ್ಚಿ, ಅವರ ಕೈಹಿಡಿದು ಯುವಕ ಸಂಘದ ತನಕ ಬಿಟ್ಟು ಹೋದ. ಹೋಗುವ ಮೊದಲು ತನ್ನದೂ ಒಂದು ಬೇಡಿಕೆ ಉಂಟೆಂದು ಹೇಳಿ ಚೀಟಿ ಕೊಟ್ಟ.

ಚೀಟಿಗಳು ಶುರುವಾದದ್ದು ಹಾಗೆ. ರೋಮಿನಲ್ಲಿ ದೇವರಿಗೆ ತಲುಪಿಸಬೇಕಾದ ಬೇಡಿಕೆಗಳು. ಒಂದು ವಾರದಲ್ಲಿ ಚೀಲ ತುಂಬಿತು. ಬೇಬಿಯೂ ಒಂದು ಬರೆದು ಕೊಟ್ಟಳು. ಅದರಲ್ಲಿ ಏನಿತ್ತೆಂದು ಇವತ್ತಿನವರೆಗೆ ಹೇಳಿಲ್ಲ, ಆದರೆ ಬರೆಯುವಾಗ ನಡುನಡುವೆ ನನ್ನನ್ನು ನೋಡುತ್ತಿದ್ದಳು. ಕೊನೆಗೆ ಸೆವ್ರಿನ್ ಬಾಯಿ ಕೋಲೂರಿಕೊಂಡು ಬಂದರು. ಅವರಿಗೆ ಬರೆಯಲು ಬರುವುದಿಲ್ಲ. ಹೇಳಿದ್ದನ್ನು ಲಿಯೋನೆಲ್ ಬರೆದರು. ಬಲಗಾಲಿನ ಗಂಟು ಮಡಚುವುದಿಲ್ಲ, ಕ್ರಿಸ್ಮಸ್ ಪೂಜೆಗೆ ಯಾರ ಹೆಗಲನ್ನೂ ಹಿಡಿಯದೆ ಚರ್ಚಿಗೆ ನಡೆದು ಬರಬೇಕು, ಅಷ್ಟೇ.

"ನೀನು ನಡೆಯುವಾಗ ನನ್ನ ಕಾಲಿನದ್ದೂ ನಾಲ್ಕು ಹೆಜ್ಜೆ ಹಾಕು ಬಾಬ್," ಎಂದರು.

ಅವತ್ತು ಲಿಯೋನೆಲ್ ನನ್ನ ಅಂಗಡಿಯ ಸ್ಟೂಲಿನಲ್ಲಿ ಆ ಚೀಟಿಯನ್ನು ಮಡಚುತ್ತ ಬಿಡಿಸುತ್ತ ಕೂತರು. ಬಿಸಿ ತುಪ್ಪ ನುಂಗಲೂ ಆಗದು, ಉಗುಳಲೂ ಆಗದು. "ಉಳಿದವರಿಗೆ ಸುಳ್ಳು ಹೇಳಿದ್ದು ಬೇರೆ ದೇಜಣ್ಣ. ಈ ಒಂದು ಚೀಟಿಗಾದರೂ ರೋಮಿಗೆ ಹೋಗಿಯೇ ಬರುತ್ತೇನೆ," ಎಂದರು. ಆ ಮಾತನ್ನು ಅವರು ಮನಸ್ಸಿನಿಂದಲೇ ಹೇಳಿದ್ದು, ಅದಕ್ಕೆ ನಾನು ಸಾಕ್ಷಿ.

ಇನ್ನು ಇಟೆಲಿಯ ಭಾಗ. ನಾನು ಅಲ್ಲಿಗೆ ಹೋದವನಲ್ಲ. ಟೀಚರ್ ಬೇಬಿಗೆ ಹೇಳಿದ್ದು, ಲಿಯೋನೆಲ್ ನನಗೆ ಹೇಳಿದ್ದು, ಎರಡನ್ನೂ ಸೇರಿಸಿ ಬರೆದಿದ್ದೇನೆ. ಒಂದಕ್ಕೊಂದು ಹೊಂದದ ಕಡೆಗಳಲ್ಲಿ ಟೀಚರ್ ಹೇಳಿದ್ದನ್ನೇ ಇಟ್ಟುಕೊಂಡಿದ್ದೇನೆ.

ಟಸ್ಕನಿ ಎಂಬ ಸೀಮೆಯಲ್ಲಿ ಒಂದು ಗುಡ್ಡದ ಹಳ್ಳಿ. ಇವರ ಎಂಟು ದಿನಗಳನ್ನು ಪ್ಲಾನ್ ಮಾಡಿದವರು ಆ ಹಳ್ಳಿಯ ಗಂಡ ಹೆಂಡತಿ, ಬ್ರೂನೋ ಮತ್ತು ಸಿಲ್ವಿಯಾ. ಹೆಸರು ಕೇಳಿ ಲಿಯೋನೆಲ್‌ಗೆ ನಿರಾಸೆಯಾಯಿತಂತೆ. ಅಷ್ಟು ದೂರ ವಿಮಾನದಲ್ಲಿ ಹೋಗಿ ಇಳಿದರೆ ಅಲ್ಲಿಯೂ ಬ್ರೂನೋ, ಸಿಲ್ವಿಯಾ! ನಮ್ಮ ಕೆಮ್ಮಣ್ಣಿನ ಸುತ್ತ ಕಲ್ಲು ಹೊಡೆದರೆ ನಾಲ್ಕು ಬ್ರೂನೋಗಳಿಗೆ ತಾಗುತ್ತದೆ. ಮೊದಲ ದಿನ ಬೆಳಿಗ್ಗೆ ಹನ್ನೆರಡು ಕಿಲೋಮೀಟರ್ ನಡೆಸಿದರು. ಅತ್ತೂರಿನ ಅಭ್ಯಾಸ ಇದ್ದುದರಿಂದ ಲಿಯೋನೆಲ್ ಎಲ್ಲರಿಗಿಂತ ಮುಂದೆ. ಹಿಂದೆ ಪೀಪಿ ಊದುವವರಿಲ್ಲ, ಮುಂದೆ ಊಟ ಉಂಟು, ಕಾಲು ತಾನಾಗಿಯೇ ಹೋಯಿತಂತೆ.

ಮಧ್ಯಾಹ್ನ ಒಂದು ಕಲ್ಲಿನ ಮನೆಯ ಅಡುಗೆಮನೆ. ಹಿಟ್ಟು ನಾದಿ, ಹಗ್ಗದ ಹಾಗೆ ಹೊಸೆದು, ಕುದಿಸಿ, ಕಾಡುಹಂದಿಯ ಸಾರಿನಲ್ಲಿ ಹೊರಳಿಸಿ ತಟ್ಟೆಗೆ ಹಾಕಿದರು. ಎರಡು ತಿಂಗಳು ಗಂಜಿ ಕುಡಿದ ಹೊಟ್ಟೆ ಅದು. ಮೊದಲ ತುತ್ತಿಗೆ ಲಿಯೋನೆಲ್ ಅತ್ತುಬಿಟ್ಟರು. ಸಿಲ್ವಿಯಾ ಗಾಬರಿಯಾಗಿ, ಖಾರವಾಯಿತೇ ಎಂದು ಕೇಳಿದಳು. ಇಂಡಿಯಾದವನಿಗೆ ಇಟೆಲಿಯಲ್ಲಿ ಖಾರ!

"ಅವರಿಗೆ ದೇವರ ನೆನಪಾಯಿತು," ಎಂದರು ಸೆಲೀನ್ ಟೀಚರ್, ಹಲ್ಲು ಕಚ್ಚಿಕೊಂಡು.

ಸಿಲ್ವಿಯಾಳಿಗೆ ಇದು ಬಹಳ ಇಷ್ಟವಾಯಿತು. ತನ್ನ ಅಡುಗೆ ತಿಂದು ಅತ್ತ ಅತಿಥಿಯನ್ನು ಅವಳು ಅದೇ ಮೊದಲು ನೋಡಿದ್ದು. ಆಮೇಲಿನ ಪ್ರತಿ ಊಟಕ್ಕೂ ಲಿಯೋನೆಲ್‌ರ ಫೋಟೋ ತೆಗೆಯತೊಡಗಿದಳು.

ಐದನೆಯ ದಿನ ಬಿಡುವು. ರೋಮಿಗೆ ರೈಲು ಉಂಟು, ಬೆಳಿಗ್ಗೆ ಹೋದರೆ ಸಂಜೆಗೆ ಬರಬಹುದು ಎಂದು ಟೀಚರ್ ಎಲ್ಲ ವಿಚಾರಿಸಿ ಇಟ್ಟಿದ್ದರು. ಚೀಟಿಗಳ ಚೀಲ ಬಾಗಿಲಿನಲ್ಲಿ ತಯಾರಾಗಿತ್ತು. ಆಗ ಬ್ರೂನೋ ಬಂದು, ಇವತ್ತು ತನ್ನ ಅಣ್ಣನ ತೋಟದಲ್ಲಿ ಇಡೀ ಹಂದಿ ಸುಡುತ್ತಾರೆ, ನೀವೂ ಬನ್ನಿ ಎಂದ.

ಲಿಯೋನೆಲ್ ಚೀಲವನ್ನು ನೋಡಿದರು. ಗುಡ್ಡದ ಆಚೆಯಿಂದ ಏಳುತ್ತಿದ್ದ ಹೊಗೆಯನ್ನು ನೋಡಿದರು. ಗಾಳಿ ಇತ್ತ ಬೀಸುತ್ತಿತ್ತು.

"ಸೆಲೀನ್, ರೋಮ್ ಎಲ್ಲಿಗೆ ಹೋಗುತ್ತದೆ? ಸಾವಿರಾರು ವರ್ಷದಿಂದ ಅಲ್ಲೇ ಉಂಟು. ಈ ಹಂದಿ ಮಧ್ಯಾಹ್ನಕ್ಕೆ ಮುಗಿಯುತ್ತದೆ."

ಟೀಚರ್ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ಫೇಲ್ ಎಂದು ಅರ್ಥ, ಇದು ಅವರ ಶಿಷ್ಯರಿಗೆಲ್ಲ ಗೊತ್ತು. ಲಿಯೋನೆಲ್ ಮೂರು ಸಲ ಹಾಕಿಸಿಕೊಂಡರು. ತಟ್ಟೆಗೆ ಅಂಟಿದ ಜಿಡ್ಡನ್ನು ಬ್ರೆಡ್ಡಿನಿಂದ ಒರೆಸಿ ತಿಂದರು. ಅರುವತ್ತೊಂದು ವರ್ಷದಲ್ಲಿ ಇಂಥ ಹಂದಿ ತಿಂದಿಲ್ಲವೆಂದು ಬ್ರೂನೋನ ಅಣ್ಣನ ಕೈಹಿಡಿದು ಹೇಳಿದರು.

ಹೊಟ್ಟೆ ತುಂಬಿದ ಮೇಲೆ ಎದೆ ಭಾರವಾಯಿತು. ಚೀಲ ಹೊತ್ತುಕೊಂಡು ಒಬ್ಬರೇ ಗುಡ್ಡದ ತುದಿಯ ಸಣ್ಣ ಚರ್ಚಿಗೆ ಹತ್ತಿದರು. ಒಳಗೆ ಯಾರೂ ಇರಲಿಲ್ಲ. ಚೀಟಿಗಳನ್ನೆಲ್ಲ ಒಬ್ಬ ಸಂತರ ಕಾಲಬುಡದಲ್ಲಿ ಇಟ್ಟರು, ಯಾವ ಸಂತರೆಂದು ಗೊತ್ತಾಗಲಿಲ್ಲ. ಸೆವ್ರಿನ್ ಬಾಯಿಯದನ್ನು ಮಾತ್ರ ಬಿಡಿಸಿ ಕೊಂಕಣಿಯಲ್ಲಿ ಗಟ್ಟಿಯಾಗಿ ಓದಿದರು. ದೇವರಿಗೆ ಕೊಂಕಣಿ ಬರುವುದು ಖಂಡಿತ, ಆದರೆ ಅಷ್ಟು ದೂರದ ಹಳ್ಳಿಯಲ್ಲೂ ಬರುತ್ತದೋ ಎಂದು ಸಂಶಯವಾಗಿ ಎರಡನೆಯ ಸಲ ನಿಧಾನವಾಗಿ ಓದಿದರಂತೆ.

ಇತ್ತ ನಮ್ಮೂರಿನಲ್ಲಿ ಏನಾಗಿತ್ತು? ಸಿಲ್ವಿಯಾ ತೆಗೆದ ಫೋಟೋಗಳನ್ನು ಶಾರ್ಲೆಟ್‌ಗೂ ಕಳುಹಿಸುತ್ತಿದ್ದಳು. ಅಪ್ಪ ಕೊನೆಗೂ ನಡೆಯುತ್ತಿದ್ದಾರೆ ಎಂಬ ಸಂತೋಷದಲ್ಲಿ ಫ್ಲೆಕ್ಸು, ವ್ರತ ಎಲ್ಲ ಮರೆತು ಶಾರ್ಲೆಟ್ ಅವನ್ನು ದಿನಾ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುತ್ತಿದ್ದಳು. ಬೆನ್ನು ನೋವಿನ ದೆಸೆಯಿಂದ ಅವಳ ನಂಬರ್ ಊರಿನ ಎಲ್ಲರಲ್ಲೂ ಉಂಟು. ಮೊದಲ ದಿನ ಲಿಯೋನೆಲ್ ಏಪ್ರನ್ ಕಟ್ಟಿ ಮೊಣಕೈ ತನಕ ಹಿಟ್ಟಿನಲ್ಲಿ. ಎರಡನೆಯ ದಿನ ಬಾಯಿಯಿಂದ ಒಂದು ಗೇಣು ಶಾವಿಗೆ ಹೊರಗೆ.

"ಇದು ವ್ರತ ಶುರುವಾಗುವ ಮೊದಲಿನದ್ದು ಇರಬೇಕು," ಎಂದ ಸ್ಟೀವನ್, ನನ್ನ ಅಂಗಡಿಯಲ್ಲಿ ನಿಂತು.

ಐದನೆಯ ದಿನ ಹಂದಿಯ ತಲೆಯ ಪಕ್ಕದಲ್ಲಿ ಲಿಯೋನೆಲ್‌ರ ತಲೆ ಬಂತು. ಎರಡೂ ನಗುತ್ತಿದ್ದವು. ಸ್ಟೀವನ್ ಒಂದು ಸೋಡಾ ಕುಡಿದು ಹೋದ.

ಅವರು ಮರಳುವ ವಾರದ ಭಾನುವಾರಕ್ಕೆ ಸನ್ಮಾನ ನಿಗದಿಯಾಗಿತ್ತು. ಹಾಲ್ ಹೇಳಿಯಾಗಿತ್ತು, ಶಾಲು ತಂದಾಗಿತ್ತು, ಹಂದಿಯೂ ಹೇಳಿಯಾಗಿತ್ತು. ನಿಜ ತಿಳಿಯಿತೆಂದು ಕಾರ್ಯಕ್ರಮ ನಿಲ್ಲಿಸುವ ರೂಢಿ ನಮ್ಮ ಕಡೆ ಇಲ್ಲ. "ನಡೆಯಲಿ," ಎಂದರು ಫಾದರ್ ಡೆನ್ವರ್, ಗಂಭೀರವಾಗಿ. ನಮಗೆಲ್ಲ ಗೊತ್ತಾಗಿದೆ ಎಂದು ಲಿಯೋನೆಲ್‌ಗೆ ಯಾರೂ ಹೇಳಬಾರದು ಎಂಬುದೂ ತೀರ್ಮಾನವಾಯಿತು. ಗಂಟಲಿನಲ್ಲಿ ಒಂದು ಗುಟ್ಟನ್ನೂ ಒಂದು ಗಂಟೆ ಇಟ್ಟುಕೊಳ್ಳಲಾಗದ ಜನ, ಇದನ್ನು ಆರು ದಿನ ಇಟ್ಟುಕೊಂಡರು. ಸೆವ್ರಿನ್ ಬಾಯಿಗೆ ಮೊಬೈಲ್ ಇಲ್ಲ. ಅವರಿಗೆ ಹೇಳಲು ಮಾತ್ರ ಯಾರಿಗೂ ಮನಸ್ಸು ಬರಲಿಲ್ಲ.

ವೇದಿಕೆಯ ಮೇಲೆ ಶಾಲು, ಪೇಟ, ಹಣ್ಣಿನ ಬುಟ್ಟಿ. ಲಿಯೋನೆಲ್ ಕೋಟಿನ ಗುಂಡಿ ಹಾಕಲು ಆಗದೆ ಹಾಗೆಯೇ ಬಿಟ್ಟಿದ್ದರು. ಎಡ್ವಿನ್ ಮೈಕ್ ಹಿಡಿದರು.

"ಉಪವಾಸ ಮಾಡಿದರೆ ಮನುಷ್ಯ ಬಡವಾಗುತ್ತಾನೆ ಅಂತ ನಾನು ತಿಳಿದಿದ್ದೆ. ಲಿಯೋನೆಲ್ ಅವರು ಹೋದದ್ದಕ್ಕಿಂತ ಹೆಚ್ಚಾಗಿ ಬಂದಿದ್ದಾರೆ. ಇದು ಕೊಬ್ಬಲ್ಲ. ಇದು ಆತ್ಮದ ತೂಕ."

ಚಪ್ಪಾಳೆ. ಫಾದರ್ ಎದ್ದು, "ಈ ಯಾತ್ರೆಯಲ್ಲಿ ತುಂಬಾ ಕೆಲಸ ಮಾಡಿದ ಅವರ ಬಾಯಿಂದಲೇ ನಾಲ್ಕು ಮಾತು ಕೇಳೋಣ," ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಸೆಲೀನ್ ಟೀಚರ್ ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತರು.

ಲಿಯೋನೆಲ್ ಬರೆದು ತಂದಿದ್ದ ಭಾಷಣವನ್ನು ಜೇಬಿನಿಂದ ತೆಗೆದು ಓದಿದರು. "ರೋಮ್ ದೊಡ್ಡ ಊರು. ಅಲ್ಲಿನ ಚರ್ಚು ಅದಕ್ಕಿಂತ ದೊಡ್ಡದು. ಕಂಬಗಳು ಉಂಟು. ಒಂದಲ್ಲ, ತುಂಬಾ. ನೋಡಿ ನನಗೆ ಮಾತೇ ಬರಲಿಲ್ಲ."

"ದಿನಾ ಎಂತ ತಿಂದಿರಿ ಅಂಕಲ್?" ಎಂದು ಯುವಕ ಸಂಘದಿಂದ ಕೂಗು.

"ಬ್ರೆಡ್," ಎಂದರು ಲಿಯೋನೆಲ್. ಸ್ವಲ್ಪ ಯೋಚಿಸಿ, "ಉಪ್ಪಿಲ್ಲದ್ದು," ಎಂದು ಸೇರಿಸಿದರು. ಅಲ್ಲಿನ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲವಂತೆ. ಇಡೀ ಭಾಷಣದಲ್ಲಿ ನಿಜ ಅದೊಂದೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಬೇಕಾದದ್ದಕ್ಕಿಂತ ಬಹಳ ಹೆಚ್ಚು ಹೊತ್ತು.

ಆಮೇಲೆ ಊಟ. ಹಾಲ್‌ನ ಹಿಂದೆ ಎಡ್ವಿನ್ ಮತ್ತು ಐದು ಮಂದಿ ಬೆಳಗಿನಿಂದ ನಿಂತು ಬೇಯಿಸಿದ, ಖಾರ ಹುಳಿ ಮಸಾಲೆಯ ಹಂದಿ ಬಫಾತಿನ ಹಂಡೆಯ ಮುಚ್ಚಳ ತೆಗೆದರು. ನಾನು ಹಂದಿ ತಿನ್ನುವುದಿಲ್ಲ ಎಂದು ಬೇಬಿ ನಂಬಿದ್ದಾಳೆ, ಆದ್ದರಿಂದ ಪರಿಮಳದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಲಿಯೋನೆಲ್ ವೇದಿಕೆಯಿಂದ ಇಳಿಯಲು ಕಾಲು ಮುಂದಿಟ್ಟರು. ಸ್ಟೀವನ್ ಎರಡೂ ಕೈ ಅಡ್ಡ ಹಿಡಿದ.

"ನೀವು ಅಲ್ಲೇ ಕೂರಬೇಕು ಅಂಕಲ್. ನಿಮ್ಮ ವ್ರತ ನಮಗೆ ಗೊತ್ತುಂಟಲ್ಲ."

ವೇದಿಕೆಯ ನಡುವೆ ಒಂದು ಮೇಜು ಬಂತು, ಬಿಳಿ ಬಟ್ಟೆ ಹಾಸಿದರು, ಅದರ ಮೇಲೆ ಒಂದು ಬಟ್ಟಲು ಗಂಜಿ ಇಟ್ಟರು. ಮುನ್ನೂರು ಜನ ತುಂಬಿದ ತಟ್ಟೆ ಹಿಡಿದುಕೊಂಡು ವೇದಿಕೆಯ ಎದುರಿಗೇ ಬಂದು ಕೂತರು. ಯಾರೂ ನಗಲಿಲ್ಲ. ಲಿಯೋನೆಲ್ ಒಂದೊಂದೇ ಮುಖ ನೋಡಿದರು. ಯುವಕ ಸಂಘದವನೊಬ್ಬ ಹಂದಿಯ ಫೋಟೋವನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಪಕ್ಕದವನಿಗೆ ತೋರಿಸುತ್ತಿದ್ದದ್ದು ಆಗ ಅವರ ಕಣ್ಣಿಗೆ ಬಿತ್ತು. ಎಲ್ಲರಿಗೂ ಗೊತ್ತಿದೆ ಎಂದು ತಿಳಿದ ಮೇಲೂ ಅವರು ಚಮಚ ಎತ್ತಿ ಗಂಜಿಗೆ ಅದ್ದಿದರು. ಹೆಸರೆಂಬುದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ ನೋಡಿ.

ಆಗ ಸೆವ್ರಿನ್ ಬಾಯಿ ಕೋಲು ಕುಟ್ಟಿಕೊಂಡು ವೇದಿಕೆಯ ಬುಡಕ್ಕೆ ಬಂದರು. "ಬಾಬ್, ನನ್ನ ಚೀಟಿ ರೋಮಿನಲ್ಲಿ ಕೊಟ್ಟೆಯಾ?"

ಲಿಯೋನೆಲ್ ಚಮಚ ಕೆಳಗಿಟ್ಟರು. ಹೌದು ಎಂದರೆ ಮುಗಿಯುತ್ತಿತ್ತು. ಆ ಮುದುಕಿ ಒಬ್ಬರೇ ಆ ಹಾಲ್‌ನಲ್ಲಿ ಅವರನ್ನು ನಂಬಿದ್ದವರು.

"ಇಲ್ಲ ಬಾಯಿ. ನಾನು ರೋಮಿಗೆ ಹೋಗಲೇ ಇಲ್ಲ. ವ್ರತವೂ ಇಲ್ಲ, ಪಾದಯಾತ್ರೆಯೂ ಇಲ್ಲ. ತಿನ್ನಲಿಕ್ಕೆ ಹೋದದ್ದು. ರೋಮಿಗೆ ಹೋಗಬೇಕಾದ ದಿನ ಹಂದಿ ಊಟ ಇತ್ತು, ಅಲ್ಲಿಗೆ ಹೋದೆ. ನಿಮ್ಮ ಚೀಟಿಯನ್ನು ಅಲ್ಲೇ ಗುಡ್ಡದ ಮೇಲೆ ಒಂದು ಸಣ್ಣ ಚರ್ಚಿನಲ್ಲಿ ಓದಿ ಇಟ್ಟೆ. ತಪ್ಪಾಯಿತು ಬಾಯಿ." ಅವರ ಕಣ್ಣಿನಲ್ಲಿ ನೀರು ಬಂತು. ನಮಗೂ ತಟ್ಟೆ ನೋಡಿಕೊಳ್ಳಬೇಕಾಯಿತು. ಇಷ್ಟು ದಿನ ಕಾದು ಕೂತ ತಮಾಷೆ ಬಾಯಲ್ಲಿ ಕಹಿಯಾಯಿತು ಎಂದು ನಾನು ಒಪ್ಪಿಕೊಳ್ಳುತ್ತೇನೆ.

ಸೆವ್ರಿನ್ ಬಾಯಿ ಯೋಚಿಸಿದರು. "ಆ ಸಣ್ಣ ಚರ್ಚಿನಲ್ಲಿ ದೇವರು ಇದ್ದರಾ?"

"ಇದ್ದರು ಬಾಯಿ. ದೀಪ ಉರಿಯುತ್ತಿತ್ತು."

"ಹಾಗಾದರೆ ಸಾಕು. ರೋಮಿನಲ್ಲಿ ರಶ್ ಇರುತ್ತದೆ." ಅವರು ಹೋಗಲು ತಿರುಗಿದವರು ನಿಂತು, ಮತ್ತೆ ಈಚೆ ತಿರುಗಿದರು. "ಹಂದಿ ಹೇಗಿತ್ತು?"

"ಒಳ್ಳೆಯದಿತ್ತು ಬಾಯಿ."

"ನಮ್ಮದಕ್ಕಿಂತ?"

ಹಾಲ್‌ನಲ್ಲಿ ಮುನ್ನೂರು ಬಾಯಿಗಳು ಜಗಿಯುವುದನ್ನು ನಿಲ್ಲಿಸಿದವು. ಹಂಡೆಯ ಹತ್ತಿರ ಎಡ್ವಿನ್ ಸೌಟು ಎತ್ತಿದವರು ಎತ್ತಿದ ಹಾಗೆಯೇ ನಿಂತರು. ಅವರ ಹಿಂದಿನ ಐದು ಮಂದಿಯೂ ಕತ್ತು ಉದ್ದ ಮಾಡಿದರು. ವ್ರತದ ವಿಷಯದಲ್ಲಿ, ರೋಮಿನ ವಿಷಯದಲ್ಲಿ ನಾವು ಯಾರನ್ನಾದರೂ ಕ್ಷಮಿಸಿಬಿಡುತ್ತೇವೆ. ಇದು ಹಾಗಲ್ಲ. ಸೆಲೀನ್ ಟೀಚರ್ ಕಣ್ಣು ಬಿಟ್ಟು ಗಂಡನನ್ನೇ ನೋಡಿದರು.

ಲಿಯೋನೆಲ್ ಕಣ್ಣೊರೆಸಿಕೊಂಡರು. ಎದ್ದು ನಿಂತರು.

"ಎಂತ ಕೇಳುತ್ತೀರಿ ಬಾಯಿ! ಅದು ಹಂದಿ ಅಂತ ಗೊತ್ತಾಗಬೇಕಾದರೆ ಅವರೇ ಹೇಳಬೇಕು. ಖಾರ ಇಲ್ಲ, ಹುಳಿ ಇಲ್ಲ, ಮಸಾಲೆಯ ಹೆಸರೇ ಇಲ್ಲ. ನಮ್ಮ ಬಫಾತಿನ ಹತ್ತಿರ ಬರಲಿಕ್ಕೆ ಇಟೆಲಿಯವರಿಗೆ ಇನ್ನೂ ನೂರು ವರ್ಷ ಬೇಕು!"

ಛಾವಣಿಯ ಹಂಚು ಎದ್ದು ಕೂರುವ ಹಾಗೆ ಚಪ್ಪಾಳೆ ಬಿತ್ತು. "ಲಿಯೋನೆಲ್! ಅಲ್ಲಿ ಎಂತ ಕೂತದ್ದು ಮಾರಾಯ? ಕೆಳಗೆ ಬಾ, ತಟ್ಟೆ ತೆಗೆದುಕೋ!" ಎಂದು ಎಡ್ವಿನ್ ಕೂಗಿದರು. ಸ್ಟೀವನ್ ತಾನೇ ಹೋಗಿ ಗಂಜಿಯ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದ. ಫಾದರ್ ಡೆನ್ವರ್ ಪಕ್ಕದ ಕುರ್ಚಿ ಖಾಲಿ ಮಾಡಿ ಕೊಟ್ಟರು. ಎಲ್ಲ ಕಡೆಯಿಂದ ಲಿಯೋನೆಲ್, ಲಿಯೋನೆಲ್ ಎಂಬ ಕರೆ. ಅವರ ತಟ್ಟೆಗೆ ಬಿದ್ದ ಮೊದಲ ಸೌಟು ಎಡ್ವಿನ್‌ರದ್ದೇ.

ಸೆಲೀನ್ ಟೀಚರ್ ಮಾತ್ರ ಮಾತಾಡದೆ ಶಿಲುಬೆಯ ಗುರುತು ಮಾಡಿಕೊಂಡರು. ಆ ದಿನ ರೋಮಿನ ಬಗ್ಗೆ ಲಿಯೋನೆಲ್ ಹೇಳಿದ ಒಂದು ಮಾತನ್ನೂ ನಂಬದ ನಮ್ಮೂರು, ಈ ಕೊನೆಯ ಮಾತು ದೇವರಾಣೆಗೂ ಸತ್ಯವೆಂದು ಇವತ್ತಿಗೂ ನಂಬಿಕೊಂಡಿದೆ.